ಹಾಸ್ಟೆಲ್ ಸಿಗದವರ ಬಾಡಿಗೆ

ಪಿಯು ಫಲಿತಾಂಶ ಬಂತೆಂದರೆ ಬಾಣಾವರದಂಥ ಹೋಬಳಿ ಊರಿನ ನಾಡಕಚೇರಿಗೆ ಜಾತಿ, ಆದಾಯ ಪ್ರಮಾಣಪತ್ರ ಕೇಳಿಕೊಂಡು ಬರುವ ಮಕ್ಕಳು ಹೆಚ್ಚುತ್ತಾರೆ. ಓದು ಅರಸೀಕೆರೆಯಲ್ಲಾದರೆ ರೈಲೋ ಬಸ್ಸೋ ಹಿಡಿದು ಸಂಜೆಗೆ ಮನೆ ಸೇರಬಹುದು. ಹಾಸನದಲ್ಲೋ ಶಿವಮೊಗ್ಗದಲ್ಲೋ ಸೀಟು ಸಿಕ್ಕಿತೆಂದರೆ ಅಲ್ಲೇ ಉಳಿಯಬೇಕು. ಸರ್ಕಾರಿ ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ರೂಮಿನ ಬಾಡಿಗೆ ಕಟ್ಟುವವರು ಯಾರು?

ಇದು ಹಳೆಯ ಪ್ರಶ್ನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಊರು ಬಿಟ್ಟು ಓದಲು ಹೋದ ಬಡ ಹುಡುಗರು ವಾರಾನ್ನದ ಮನೆಗಳನ್ನು ಹುಡುಕಿಕೊಳ್ಳುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆದರೆ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಆ ಕೊರತೆ ತುಂಬಲು ಸಮುದಾಯಗಳೇ ಮುಂದಾಗಿ ವಿದ್ಯಾರ್ಥಿನಿಲಯ ಕಟ್ಟಿದವು, ಮಠಗಳು ಅನ್ನ, ಆಶ್ರಯ ಕೊಟ್ಟವು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದವರ ಓದು, ನೌಕರಿಯ ವಿಷಯವನ್ನು ಸರ್ಕಾರದ ಹೊಣೆಯಾಗಿ ಕಂಡಿತು. ದೇವರಾಜ ಅರಸರು 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆಂದೇ ಪ್ರತ್ಯೇಕ ಇಲಾಖೆ ಬಂತು. ಊರೂರಿಗೆ ಹಾಸ್ಟೆಲುಗಳೂ ಬಂದವು. ಆದರೂ ಓದಲು ಹೊರಟ ಮಕ್ಕಳೇ ಹೆಚ್ಚಾಗಿ, ಕೋಣೆಗಳು ಸಾಲದಾದವು.

2013ರಲ್ಲಿ ಸಿದ್ದರಾಮಯ್ಯ ಸರ್ಕಾರ ತಂದ ‘ವಿದ್ಯಾಸಿರಿ’ ಈ ಇಕ್ಕಟ್ಟಿನಿಂದ ಹುಟ್ಟಿದ್ದು. ಹಾಸ್ಟೆಲಿನಲ್ಲಿ ಜಾಗ ಸಿಗದ, ಮೆಟ್ರಿಕ್ ನಂತರ ಓದುವ ಹಿಂದುಳಿದ ವರ್ಗದ ಬಡ ವಿದ್ಯಾರ್ಥಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ 10 ತಿಂಗಳು, ಅಂದರೆ 15,000 ರೂಪಾಯಿ ಎಂದು ಆಗ ನಿಗದಿಯಾಯಿತು. ಹಣ ಬರುವುದು ರೂಮಿನ ಓನರ್‌ಗಲ್ಲ, ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಕಟ್ಟಡ ಕಟ್ಟುವವರೆಗೆ ಮಕ್ಕಳು ಕಾಯಬೇಕಿಲ್ಲ ಎಂದು ಒಪ್ಪಿಕೊಂಡದ್ದು ಈ ಯೋಜನೆಯ ನಿಜವಾದ ಹೊಸತನ.

ಇದರ ಬೆಲೆ ತಿಳಿಯಲು ಅಂಥದೊಂದು ರೂಮಿನೊಳಗೆ ನೋಡಬೇಕು. ಮೂವರು ಹುಡುಗರು, ಒಂದು ಗ್ಯಾಸ್ ಸ್ಟೌ, ಗೋಡೆಗೆ ಒರಗಿಸಿದ ಚಾಪೆಗಳು, ಮೂಲೆಯಲ್ಲಿ ಊರಿಂದ ತಂದ ರಾಗಿಹಿಟ್ಟಿನ ಚೀಲ, ನಾಲ್ಕು ತೆಂಗಿನಕಾಯಿ. ಬಾಡಿಗೆಯನ್ನು ಮೂರು ಪಾಲು ಮಾಡಿಕೊಂಡರೆ ನಡೆದೀತು. ಕಷ್ಟವಾಗುವುದು ಮೊದಲ ತಿಂಗಳಲ್ಲಿ. ಅಡ್ವಾನ್ಸ್, ಕಾಲೇಜಿನ ಫೀಸು, ಪಾತ್ರೆಪಗಡ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಸಹಾಯಧನ ಮಾತ್ರ ಅರ್ಜಿ, ಪರಿಶೀಲನೆ, ಆಧಾರ್ ಜೋಡಣೆ ಎಲ್ಲ ಮುಗಿಸಿಕೊಂಡು ನಿಧಾನವಾಗಿ ಬರುತ್ತದೆ. ಅಷ್ಟರಲ್ಲಿ ಅಪ್ಪ ಕೈಸಾಲ ಮಾಡಿರುತ್ತಾನೆ.

ನಮ್ಮ ಸರ್ಕಾರಗಳ ವಸತಿ ಚಿಂತನೆ ಬಹುಪಾಲು ಸ್ವಂತ ಮನೆಯ ಸುತ್ತಲೇ ಸುತ್ತಿದೆ. ಆಶ್ರಯ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್, ಯಾವುದನ್ನು ತೆಗೆದುಕೊಂಡರೂ ಮನೆ ಕಟ್ಟಿಕೊಳ್ಳುವವರಿಗೇ ನೆರವು ಮುಖ್ಯ. ಸರ್ಕಾರಿ ನೌಕರರಿಗೆ ಸಂಬಳದೊಂದಿಗೆ ಮನೆಬಾಡಿಗೆ ಭತ್ಯೆ ಉಂಟು, ಅದೂ ಊರಿನ ದರ್ಜೆಗೆ ತಕ್ಕಂತೆ. ಸಂಬಳವೇ ಇಲ್ಲದ ಬಾಡಿಗೆದಾರನ ಬಗ್ಗೆ ಮಾತು ಎದ್ದದ್ದು ಅಪರೂಪ. 2015ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ನಗರ ಬಾಡಿಗೆ ವಸತಿ ನೀತಿಯ ಕರಡಿನಲ್ಲಿ ಬಡವರಿಗೆ ಬಾಡಿಗೆ ವೋಚರ್ ಕೊಡುವ ಪ್ರಸ್ತಾಪವಿತ್ತು. ಬ್ರಿಟನ್ನಿನಲ್ಲಿ ‘ಹೌಸಿಂಗ್ ಬೆನಿಫಿಟ್’ 1982ರ ಕಾಯ್ದೆಯಲ್ಲೇ ಬಂತು. 2008ರಿಂದ ಅಲ್ಲಿ ಖಾಸಗಿ ಮನೆಗಳ ಬಾಡಿಗೆದಾರರಿಗೆ ಆಯಾ ಪ್ರದೇಶದ ಬಾಡಿಗೆಯನ್ನು ಆಧರಿಸಿ ನೆರವಿನ ಮಿತಿ ನಿಗದಿಯಾಯಿತು.

ವಿದ್ಯಾಸಿರಿಯನ್ನೂ ಆ ದಾರಿಗೆ ತರಬಹುದು. ಅರಸೀಕೆರೆಯ ರೂಮಿಗೂ ಬೆಂಗಳೂರಿನ ರೂಮಿಗೂ ಒಂದೇ ಮೊತ್ತ ಎನ್ನುವುದು ನ್ಯಾಯವಲ್ಲ. ಊಟದ ಹಣ ಬೇರೆ, ಬಾಡಿಗೆಯ ಹಣ ಬೇರೆ ಮಾಡಬೇಕು. ಬಾಡಿಗೆಯ ಭಾಗ ಊರಿಂದೂರಿಗೆ ಬದಲಾಗಬೇಕು. ಮೊದಲ ಕಂತು, ಅಡ್ವಾನ್ಸ್ ಕಟ್ಟುವ ಹೊತ್ತಿಗೇ ಮಕ್ಕಳ ಕೈಸೇರಬೇಕು. ಇಲಾಖೆ ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವುದರೊಳಗೆ ಕನಿಷ್ಠ ಈ ಕೊನೆಯ ಕೆಲಸವನ್ನಾದರೂ ಮಾಡಲಿ.