ಕೋಲಿನ ಮೂರು ಗೆರೆ, ಕೊಟ್ಟಿಗೆಯ ಪಿಕಪ್ಪು

ಬಂದ ಮೇಸ್ತ್ರಿ ಬಾನೆಟ್ಟನ್ನು ಮುಟ್ಟಲೇ ಇಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಹನ್ನೊಂದು ವರ್ಷದಿಂದ ಟಾರ್ಪಾಲು ಹೊದ್ದು ನಿಂತಿದ್ದ ಗಾಡಿಗೆ ಒಂದು ಸುತ್ತು ಬಂದರು. ಚಾಸಿಸ್ಸಿಗೆ ನಾಲ್ಕು ಕಡೆ ಸ್ಪ್ಯಾನರಿನಿಂದ ಬಡಿದು ಸದ್ದು ಕೇಳಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಅಪ್ಪನ ಕಡೆ ತಿರುಗಿ, “ಗೌಡ್ರೆ, ಮೊದಲು ದಾರಿ ತೋರಿಸಿ. ಗಾಡಿ ಆಮೇಲೆ ನೋಡುವ” ಎಂದರು.

ಮೂಡಿಗೆರೆ ಸೀಮೆಯ ನಮ್ಮ ಮನೆಯಿಂದ ಮೇಲಿನ ಕಾಫಿ ತೋಟಕ್ಕೆ ಹೆಚ್ಚೆಂದರೆ ಎರಡೂವರೆ ಕಿಲೋಮೀಟರ್. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹೋಗುತ್ತದೆ. ಜೂನ್ ಮಳೆ ಹಿಡಿಯಿತೆಂದರೆ ಗೊಬ್ಬರದ ಚೀಲ ತಲೆಯ ಮೇಲೆ ಹೋಗಬೇಕು, ಜ್ವರ ಬಂದವರು ಹೆಗಲ ಮೇಲೆ ಇಳಿಯಬೇಕು. ಆ ದಾರಿಯುದ್ದಕ್ಕೂ ಮೇಸ್ತ್ರಿ ಬೇಲಿಯಿಂದ ಮುರಿದುಕೊಂಡ ಬಿದಿರು ಕೋಲು ಹಿಡಿದು ನಡೆದರು. ಹಳ್ಳದಲ್ಲಿ ಕೋಲು ಊರಿ, ಆಷಾಢದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಅಪ್ಪನನ್ನು ಕೇಳಿ, ಅಲ್ಲಿಗೆ ಕತ್ತಿಯಿಂದ ಒಂದು ಗೆರೆ ಹಾಕಿದರು. ಏರಿನ ನಡುವೆ ಬೆನ್ನು ತೋರಿಸಿ ಮಲಗಿದ ಅರೆಕಲ್ಲಿನ ಎತ್ತರಕ್ಕೆ ಇನ್ನೊಂದು ಗೆರೆ. ತೋಟದ ಗೇಟಿನ ಮುಂಚಿನ ತಿರುವಿನಲ್ಲಿ ಒಂದು ಮಗ್ಗುಲಿಗೆ ಧರೆ, ಇನ್ನೊಂದು ಮಗ್ಗುಲಿಗೆ ಇಳಿಜಾರು. ಅಲ್ಲಿ ಕೋಲನ್ನು ನೆಲಕ್ಕೆ ಮಲಗಿಸಿ ಎಷ್ಟು ಕೋಲು ಎಂದು ಎಣಿಸಿದರು. ಮಿಕ್ಕ ಜಾಗದ ಅಳತೆಗೆ ಮೂರನೆಯ ಗೆರೆ ಬಿತ್ತು.

ಆ ಮೂರು ಗೆರೆಗಳೇ ನಮ್ಮ ಪಿಕಪ್ಪಿನ ನಕ್ಷೆ. ಬೇರೆ ನಕ್ಷೆ ಇರಲಿಲ್ಲ.

ಬೇಡಿಕೆ ಪಟ್ಟಿಯಿಂದ ಹುಟ್ಟಿದ ಜೀಪು

ನಮ್ಮ ಪಿಕಪ್ಪಿನ ಮೂಲಪುರುಷನಾದ ಜೀಪು ಹುಟ್ಟಿದ್ದೂ ಹೀಗೆ ಅಳತೆಯಿಂದಲೇ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳ ಮುಂದೆ ತನ್ನ ಬೇಡಿಕೆ ಪಟ್ಟಿ ಇಟ್ಟಿತು. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗಬೇಕು. ಗಾಡಿ 600 ಪೌಂಡ್ ಹೊರಬೇಕು, ಅದರ ಸ್ವಂತ ತೂಕ 1,300 ಪೌಂಡ್ ದಾಟಬಾರದು. ಮೊದಲ ಮಾದರಿ 49 ದಿನದಲ್ಲಿ ಸಿದ್ಧವಾಗಬೇಕು. ಬಹುಪಾಲು ಕಂಪನಿಗಳು ಅತ್ತ ತಲೆಹಾಕಲಿಲ್ಲ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನಲ್ಲಿ ಮುಚ್ಚುವ ಸ್ಥಿತಿಗೆ ಬಂದಿದ್ದ ಬ್ಯಾಂಟಮ್ ಎಂಬ ಸಣ್ಣ ಕಾರು ಕಂಪನಿ ಮಾತ್ರ ಗಡುವಿಗೆ ಒಪ್ಪಿತು. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಬರೆದರು. 1940ರ ಸೆಪ್ಟೆಂಬರ್ 23ರಂದು ಗಾಡಿ ಹೊಲಾಬರ್ಡ್ ಸೇನಾ ಶಿಬಿರ ತಲುಪಿತು.

ತೂಕದ ಮಿತಿಯೊಳಗೆ ಯಾರಿಂದಲೂ ಗಾಡಿ ಕಟ್ಟಲಾಗಲಿಲ್ಲ. ಸೇನೆಯೇ ಮಿತಿಯನ್ನು 2,160 ಪೌಂಡಿಗೆ ಏರಿಸಿತು. 60 ಅಶ್ವಶಕ್ತಿಯ ಗಟ್ಟಿ ಎಂಜಿನ್ ಇದ್ದ ವಿಲ್ಲಿಸ್ ಕಂಪನಿಗೆ ದೊಡ್ಡ ಗುತ್ತಿಗೆ ಸಿಕ್ಕಿತು. ಫೋರ್ಡ್ ಕೂಡ ಅದೇ ನಕ್ಷೆಯಲ್ಲಿ ಗಾಡಿ ಕಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಇಳಿಸಿದ್ದರು. ಯುದ್ಧದ ಜೀಪಿನ ಎರಡು ಅಚ್ಚುಗಳ ನಡುವೆ 80 ಇಂಚು ಅಂತರ. 1947ರಲ್ಲಿ ವಿಲ್ಲಿಸ್ ಇದನ್ನು 118 ಇಂಚಿಗೆ ಹಿಗ್ಗಿಸಿ, ಹಿಂದೆ ತೊಟ್ಟಿ ಕೂರಿಸಿ, ರೈತರಿಗೆಂದು ಪಿಕಪ್ ಮಾಡಿತು. ಜೀಪು ಬಂದೂಕು ಇಳಿಸಿ ಮೂಟೆ ಹೊತ್ತದ್ದು ಆಗ.

ಅದೇ ಹೊತ್ತಿಗೆ ನಮ್ಮಲ್ಲಿ, 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಮತ್ತು ಮಹಮ್ಮದ್ ಕಂಪನಿಯ ಪಾಲುದಾರರಲ್ಲಿ ಗುಲಾಮ್ ಮಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸುವ ಕೆಲಸವನ್ನೂ ಕೈಗೆತ್ತಿಕೊಂಡಿತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ ಅಲ್ಲಿ ನಿಂತುಹೋದ ಮೇಲೂ ಇಲ್ಲಿ ದಶಕಗಳ ಕಾಲ ತಯಾರಾಯಿತು. ಮಲೆನಾಡು ಮತ್ತು ಕೊಡಗಿನ ತೋಟಗಳಿಗೆ ಕೆಲವು ಹೊಸದಾಗಿ, ಕೆಲವು ಸೇನೆಯ ಹರಾಜಿನಿಂದ ಬಂದವು. ಮಳೆಗಾಲದಲ್ಲಿ ಟೈರಿಗೆ ಕಬ್ಬಿಣದ ಚೈನು ಕಟ್ಟಿ ಕೆಸರು ಸೀಳುವುದನ್ನು ಯಾವ ಕಂಪನಿಯ ಪುಸ್ತಕವೂ ನಮ್ಮವರಿಗೆ ಕಲಿಸಲಿಲ್ಲ. ಕಲಿಸಿದ್ದು ಗದ್ದೆ ಬದಿಯ ದಾರಿ.

ಕೊಟ್ಟಿಗೆಯೇ ಗ್ಯಾರೇಜು

ನಮ್ಮದು 1990ರ ದಶಕದ ಉದ್ದ ಚಾಸಿಸ್ಸಿನ ಮಹೀಂದ್ರ ಪಿಕಪ್, ಪಿಯುಜೊ ಡೀಸೆಲ್ ಎಂಜಿನ್ನಿನದು. ದನಗಳು ಕಡಿಮೆಯಾಗಿ ಖಾಲಿ ಬಿದ್ದಿದ್ದ ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ನೇತುಹಾಕಿ ಎಂಜಿನ್ ಇಳಿಸಿದೆವು. ಗೋದಲಿಯ ಉದ್ದಕ್ಕೂ ಬಿಸ್ಕತ್ತಿನ ಡಬ್ಬಿಗಳನ್ನು ಸಾಲಾಗಿಟ್ಟು ನಟ್ಟು, ಬೋಲ್ಟು, ಬುಷ್ಷುಗಳನ್ನು ಬೇರೆ ಬೇರೆ ಹಾಕಿದೆವು. ಪ್ರತಿ ಡಬ್ಬಿಯ ಮೇಲೆ ಅಮ್ಮನ ಕೈಬರಹದ ಚೀಟಿ: “ಮುಂದಿನ ಎಡ”, “ಹಿಂದಿನ ಬಲ”. ಎರಡು ವಾರದಲ್ಲಿ ನೆಲದ ಮೇಲೆ ಉಳಿದದ್ದು ಏಣಿಯಂಥ ಚಾಸಿಸ್ ಮಾತ್ರ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಪೊಳ್ಳಾದ ಕಡೆ ಕತ್ತರಿಸಿ ಹೊಸ ಪ್ಲೇಟು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದೆವು.

ಹಳೆಯ ಗಾಡಿಗೇ ಇಷ್ಟು ಪಾಡು ಯಾಕೆ ಎಂದು ಕೇಳಿದವರು ಬಹಳ. ಈ ವಂಶದ ಗಾಡಿಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಬಹುಮಟ್ಟಿಗೆ ಒಗ್ಗುತ್ತದೆ. ಕ್ರೌನ್ ಪಿನಿಯನ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಹಾಫ್ ಶಾಫ್ಟು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಹಳೆಯ ಜೀಪುಗಳನ್ನು ಹೊಸದಾಗಿ ಕಟ್ಟುವುದೇ ಕಸುಬಾಗಿರುವ ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳೂ ಈ ಹೊಂದಾಣಿಕೆಯ ಮೇಲೆಯೇ ನಿಂತಿವೆ. ನಮ್ಮ ಎಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ. ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ತೋಟದ ಮಧ್ಯೆ ಸಂಜೆ ಆರಕ್ಕೆ ಗಾಡಿ ನಿಂತರೆ ಅದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

ಗೆರೆಗೊಂದು ಉತ್ತರ

ಮೊದಲ ಗೆರೆ ಹಳ್ಳದ್ದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಹಾಗಾಗಿ ಒದ್ದೆಯಾದ ಕೂಡಲೇ ನಿಲ್ಲುವುದಿಲ್ಲ. ಆದರೆ ಗಾಳಿ ಎಳೆಯುವ ಬಾಯಿಗೆ ನೀರು ನುಗ್ಗಿದರೆ ಕಥೆ ಮುಗಿಯಿತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ನೀರನ್ನು ಒತ್ತಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಏರ್ ಫಿಲ್ಟರಿಗೆ ಪೈಪು ಕೊಟ್ಟು ಅದರ ಬಾಯಿಯನ್ನು ಮೊದಲ ಗೆರೆಗಿಂತ ಬಹಳ ಮೇಲೆ ತಂದೆವು. ಅಚ್ಚುಗಳಿಗೂ ಉಸಿರಿನ ಕೊಳವೆ ಬೇಕು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ವಾರ ಬಿಟ್ಟು ಎಣ್ಣೆ ತೆಗೆದರೆ ಹಾಲು ಬೆರೆಸಿದ ಕಾಫಿಯ ಬಣ್ಣ. ಸಣ್ಣ ರಬ್ಬರ್ ಕೊಳವೆಯೊಂದನ್ನು ಅಲ್ಲಿಂದ ಮೇಲಕ್ಕೆ ಒಯ್ದರೆ ಆ ಕಾಟವಿಲ್ಲ.

ಎರಡನೆಯದು ಅರೆಕಲ್ಲು. ಸ್ಪ್ರಿಂಗಿನ ಪ್ಲೇಟು ಸೆಟ್ಟು ಎತ್ತರಿಸಿ ಗಾಡಿಯನ್ನು ಮೇಲೆತ್ತೋಣ ಎಂದು ನಾನು ಹೇಳಿದೆ. ಮೇಸ್ತ್ರಿ ಕೋಲನ್ನು ಹಿಂದಿನ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡಿಗೆ ತಾಗಿಸಿದರು. “ಬಾಡಿ ಮೇಲೆ ಹೋಗ್ತದೆ ಮಾರಾಯ, ಇದು ಎಲ್ಲಿಗೆ ಹೋಗ್ತದೆ?” ಕಲ್ಲಿಗೆ ಬಡಿಯುವುದು ಈ ಗುಂಡು. ಪ್ಲೇಟು ಎಷ್ಟು ಏರಿಸಿದರೂ ಗುಂಡು ಇದ್ದಲ್ಲೇ ಇರುತ್ತದೆ, ಗಾಡಿಯ ತೂಕ ಮಾತ್ರ ಮೇಲಕ್ಕೆ ಸರಿದು ಓರೆಯಲ್ಲಿ ಪಲ್ಟಿಯಾಗುವ ಅಪಾಯ ಹೆಚ್ಚುತ್ತದೆ. ದೊಡ್ಡ ಟೈರು ಹಾಕಿದರೆ ಗುಂಡು ಏಳುತ್ತದೆ ನಿಜ. ಆದರೆ ಬ್ರೇಕಿಗೂ ಹಾಫ್ ಶಾಫ್ಟಿಗೂ ಭಾರ ಬೀಳುತ್ತದೆ. ಹಾಗಾಗಿ ಟೈರಿನ ಅಳತೆ ಬದಲಿಸದೆ, ಗುಂಡಿಗೆ ದಪ್ಪ ಕಬ್ಬಿಣದ ರಕ್ಷೆ ಕೊಟ್ಟೆವು. ಮಿಕ್ಕದ್ದು ಲೋ ಗೇರಿನ ಕೆಲಸ. ಹಳೆಯ ಸಿಜೆ-3ಬಿಯ ಲೆಕ್ಕದಲ್ಲಿ ಹೇಳುವುದಾದರೆ, ಫೋರ್ ವೀಲ್ ಲೋ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಎಡಚಕ್ರವನ್ನು ಕಲ್ಲಿನ ನೆತ್ತಿಗೇ ಹತ್ತಿಸಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ಗಾಡಿ ಆಮೆಯ ಹಾಗೆ ದಾಟುತ್ತದೆ.

ಮೂರನೆಯದು ತಿರುವು. ಅಪ್ಪನಿಗೆ ತೊಟ್ಟಿ ಉದ್ದವಿರಬೇಕು, ಕೊಯ್ಲಿನ ದಿನ ಹೆಚ್ಚು ಚೀಲ ಹಿಡಿಯಬೇಕು ಎಂಬ ಆಸೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಬರುತ್ತದೆ. ಅವರ ಚಿಂತೆಗೆ ಅರ್ಥವಿತ್ತು. ಆದರೆ ಹಿಂದಿನ ಚಕ್ರದಿಂದಾಚೆ ತೊಟ್ಟಿ ಚಾಚಿದಷ್ಟೂ ತಿರುವಿನಲ್ಲಿ ಅದರ ಮೂಲೆ ಧರೆಗೆ ಉಜ್ಜುತ್ತದೆ, ಹಳ್ಳ ಹತ್ತುವಾಗ ಬಾಲ ನೆಲಕ್ಕೆ ಕುಕ್ಕುತ್ತದೆ. ಕೋಲಿನ ಅಳತೆಗೆ ಒಪ್ಪಿ ತೊಟ್ಟಿಯನ್ನು ಮೊದಲಿದ್ದ ಅಳತೆಯಲ್ಲೇ ಉಳಿಸಿದೆವು. ಎರಡು ಸಲ ಓಡಾಡಿದರೆ ಆಯಿತು ಎಂದು ಅಪ್ಪನೇ ಹೇಳಿದರು.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಪಿಕಪ್ ಎಂದಿರುವ ಗಾಡಿಯನ್ನು ಪಿಕಪ್ಪಾಗಿಯೇ ಕಟ್ಟಿದ್ದು ಇದಕ್ಕೆ. ಮನೆಯಲ್ಲಿ ಗಾಡಿ ಕಟ್ಟುವ ಆಸೆಯಿದ್ದವರು ಕಟ್ಟರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿಬರಬೇಕು.

ಮೂಲೆಯ ಬಿರುಕು

ಎಂಟನೇ ತಿಂಗಳಿಗೆ ಎಂಜಿನ್ ಮತ್ತೆ ಸ್ಟಾರ್ಟ್ ಆಯಿತು. ಗಾಳಿಗೆ ಬಿದ್ದಿದ್ದ ಹಲಸಿನ ಮರದ ಹಲಗೆ ಹಾಸಿ ತೊಟ್ಟಿ ಮುಗಿಸಿದೆವು. ಅಲುಗಾಡಬಾರದೆಂದು ತೊಟ್ಟಿಯ ಚೌಕಟ್ಟನ್ನು ಎಂಟು ಕಡೆ ಚಾಸಿಸ್ಸಿಗೆ ಬಿಗಿದದ್ದು ನಾನು, ಮೇಸ್ತ್ರಿ ಊರಿನಲ್ಲಿ ಇಲ್ಲದಿದ್ದ ದಿನ. ನಾಲ್ಕನೇ ಸಲ ತೋಟಕ್ಕೆ ಹೋಗಿ ಬಂದಾಗ ಮುಂದಿನ ಬಲಮೂಲೆಯ ವೆಲ್ಡಿಂಗ್ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು.

ಮೇಸ್ತ್ರಿ ಬೈಯಲಿಲ್ಲ. ಗಾಡಿಯ ಮುಂದಿನ ಎಡಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿ ನೋಡು ಎಂದರು. ಮೇಲೆ ನಾಲ್ಕು ಬೆರಳು ಅಗಲವಿದ್ದ ಸಂದಿ ಒಂದು ಮಗ್ಗುಲಿಗೆ ಮೂರಾಗಿತ್ತು. ಏಣಿಯಂಥ ಚಾಸಿಸ್ ಏರುತಗ್ಗಿನಲ್ಲಿ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೇಬೇಕು. ನಾಲ್ಕೂ ಚಕ್ರ ನೆಲ ಬಿಡದಂತೆ ಇರುವುದರಲ್ಲಿ ಆ ಬಳುಕಿನ ಪಾಲೂ ಇದೆ. ಪಿಕಪ್ಪಿನ ಕ್ಯಾಬಿನ್ನು ಬೇರೆ, ತೊಟ್ಟಿ ಬೇರೆ ಯಾಕೆ ಎಂಬುದು ನನಗೆ ಅರ್ಥವಾದದ್ದು ಆವತ್ತು. ತೊಟ್ಟಿಯನ್ನು ಬಿಗಿದು ಹಾಕಿ ನಾನು ಆ ಬಳುಕನ್ನೇ ತಡೆದಿದ್ದೆ. ತಡೆದ ಬಲವೆಲ್ಲ ಒಂದು ಮೂಲೆಗೆ ಹೋಗಿ ಕಬ್ಬಿಣವನ್ನು ಸೀಳಿತ್ತು. ಬೋಲ್ಟು ಬಿಚ್ಚಿ, ನಡುವೆ ಉದ್ದಕ್ಕೂ ಮರದ ಪಟ್ಟಿ ಇಟ್ಟು, ಮುಂದಿನ ಎರಡು ಕಡೆ ರಬ್ಬರ್ ಕೊಟ್ಟು ಮತ್ತೆ ಕೂರಿಸಿದೆವು. ಆ ಮೂಲೆ ಮತ್ತೆ ಬಿರುಕು ಬಿಡಲಿಲ್ಲ.

ಗಾಡಿ ಈಗ ಎರಡು ಮಳೆಗಾಲ ಕಂಡಿದೆ. ಹಳ್ಳ ದಾಟಿದ ಮೇಲೆ ಬ್ರೇಕನ್ನು ನಾಲ್ಕು ಸಲ ಮೆಲ್ಲಗೆ ಒತ್ತಿ ಡ್ರಮ್ಮು ಒಣಗಿಸುವುದು ನನಗೆ ರೂಢಿಯಾಗಿದೆ. ಗೊಬ್ಬರ ತಲೆಯ ಮೇಲೆ ಹೋಗುವುದು ನಿಂತಿದೆ. ಕಳೆದ ಆಗಸ್ಟಿನಲ್ಲಿ ಮೈಸುಡುವ ಜ್ವರ ಬಂದ ತೋಟದ ಲೈನಿನ ಹೆಣ್ಣುಮಗಳನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು, ಸುರಿವ ಮಳೆಯಲ್ಲೇ ಟಾರು ರಸ್ತೆ ಮುಟ್ಟಿಸಿದೆವು. ಈ ದಾರಿಗೆ ತಕ್ಕ ಗಾಡಿಯನ್ನು ಯಾವ ಷೋರೂಮಿನಿಂದಲೂ ತರಲಾಗದು ಎಂಬ ನಂಬಿಕೆ ನನಗೆ ಆವತ್ತು ಬೇರೂರಿತು.

ಬಿದಿರು ಕೋಲು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇದೆ. ಈ ಸಲದ ಮಳೆಗೆ ಹಳ್ಳದ ಆಚೆ ದಂಡೆ ಕುಸಿದು ಏರು ಕಡಿದಾಯಿತು. ಸುದ್ದಿ ಕೇಳಿ ಬಂದ ಮೇಸ್ತ್ರಿ ಗಾಡಿಯತ್ತ ನೋಡದೆ ಕೋಲು ತೆಗೆದುಕೊಂಡು ದಾರಿ ಹಿಡಿದರು. ಸಂಜೆ ತಿರುಗಿ ಬಂದಾಗ ಕೋಲಿನ ಮೇಲೆ ನಾಲ್ಕನೆಯ ಗೆರೆಯಿತ್ತು, ಇನ್ನೂ ಹಸಿಯಾಗಿ, ಬೆಳ್ಳಗೆ.