ಜಾಹೀರಾತಿಗೆ ಹಾಕಿದ ದುಡ್ಡು ಗಿಟ್ಟುತ್ತದೆಯೇ? ಅಫಿಲಿಯೇಟ್ ಮಾರಾಟದ ಲಾಭ ಅಳೆಯುವ ಬಗೆ

ಇವತ್ತು ನಾನು ಮಾತಾಡಬೇಕಾದ ವಿಷಯ ಸಣ್ಣದು, ಆದರೆ ಅದರಲ್ಲಿ ದುಡ್ಡು ಕಳೆದುಕೊಳ್ಳುವ ದಾರಿಗಳು ಬಹಳ. ಬೇರೆಯವರ ಸರಕನ್ನು ಆನ್‌ಲೈನಿನಲ್ಲಿ ಮಾರಿಸಿಕೊಟ್ಟು ಕಮಿಷನ್ ಪಡೆಯೋದಕ್ಕೆ ಅಫಿಲಿಯೇಟ್ ಮಾರಾಟ ಅಂತಾರೆ. ಜತ್ತ, ಅಕ್ಕಲಕೋಟೆ, ತಾಳವಾಡಿಯಂಥ ಊರುಗಳ ಹುಡುಗ ಹುಡುಗಿಯರಿಗೆ ಇದು ಹಿಡಿಸುವಂಥದ್ದು: ಅಂಗಡಿ ಬೇಡ, ಸರಕು ತುಂಬಿಸಿಡೋದು ಬೇಡ. ಆದರೆ ಗಿರಾಕಿಯನ್ನು ಕರೆತರಲು ಗೂಗಲ್‌ಗೋ ಫೇಸ್‌ಬುಕ್‌ಗೋ ದುಡ್ಡು ಕಟ್ಟಿದ ಕ್ಷಣದಿಂದ ಇದೂ ಬಂಡವಾಳದ ವ್ಯಾಪಾರವೇ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಮಾರಾಟಕ್ಕೆ ಕಮಿಷನ್ 240 ರೂಪಾಯಿ, ಜಾಹೀರಾತಿನ ಒಂದು ಕ್ಲಿಕ್‌ಗೆ 6 ರೂಪಾಯಿ ಅಂತಿಟ್ಟುಕೊಳ್ಳಿ. ಜಾಹೀರಾತಿನ ಬಿಲ್ಲಿಗೆ ಶೇ. 18 ಜಿಎಸ್‌ಟಿ ಸೇರುತ್ತದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಅದು ಪೂರ್ತಿ ನಿಮ್ಮ ಖರ್ಚೇ. ಹಾಗಾಗಿ ಕ್ಲಿಕ್ ಬೆಲೆ 7.08 ರೂಪಾಯಿ, ನೂರು ಕ್ಲಿಕ್‌ಗೆ 708. ಮೂರು ಮಾರಾಟ ಆದರೆ 720 ಬರುತ್ತದೆ, ಸರಿಹೋಯಿತಲ್ಲ ಅನಿಸಬಹುದು. ಸರಿಹೋಗಲಿಲ್ಲ. ಗಿರಾಕಿ ಸರಕು ವಾಪಸ್ ಮಾಡಿದರೆ, ಆರ್ಡರ್ ರದ್ದು ಮಾಡಿದರೆ ಕಮಿಷನ್ ಸಿಗೋದಿಲ್ಲ. ನಾಲ್ಕರಲ್ಲಿ ಒಂದು ಹೀಗೆ ಹೋದರೂ ಒಂದು ಆರ್ಡರಿಗೆ ನಿಜವಾಗಿ ಉಳಿಯೋದು ಸರಾಸರಿ 180 ರೂಪಾಯಿ. ಈಗ ಅಸಲು ಹುಟ್ಟಲು ನೂರಕ್ಕೆ ನಾಲ್ಕು ಆರ್ಡರ್ ಬೇಕು. ಲಾಭದ ಮಾತು ಐದನೆಯದರಿಂದ.

ಇನ್ನೊಂದು ಸೋರಿಕೆ ಇದೆ. ಹಲವು ಕಂಪನಿಗಳು ಜಾಹೀರಾತಿನಿಂದ ನೇರವಾಗಿ ತಮ್ಮ ಪುಟಕ್ಕೆ ಗಿರಾಕಿಯನ್ನು ಕಳಿಸಲು ಬಿಡೋದಿಲ್ಲ. ಶುರುಮಾಡುವ ಮೊದಲೇ ಕರಾರು ಓದಿ. ಆಗ ನಡುವೆ ನಿಮ್ಮದೊಂದು ಪುಟ ಬೇಕಾಗುತ್ತದೆ. ನೂರು ಜನ ಅಲ್ಲಿಗೆ ಬಂದು ನಲವತ್ತು ಜನ ಮಾತ್ರ ಮುಂದೆ ಹೋದರೆ, ಆ ನಲವತ್ತರಲ್ಲಿ ನಾಲ್ಕು ಜನ ಕೊಳ್ಳಬೇಕು, ಅಂದರೆ ಹತ್ತಕ್ಕೊಬ್ಬರು. ಈ ಲೆಕ್ಕ ನೋಡಿಯೇ ಎಷ್ಟೋ ಸರಕನ್ನು ಒಂದು ರೂಪಾಯಿ ಖರ್ಚಿಲ್ಲದೆ ಕೈಬಿಡಬಹುದು.

ಲೆಕ್ಕದಲ್ಲಿ ಪಾಸಾದ ಸರಕನ್ನು ಮಾತ್ರ ಪರೀಕ್ಷೆಗಿಡಿ. ಎಷ್ಟು ಕ್ಲಿಕ್ ಆದ ಮೇಲೆ ನಿಲ್ಲಿಸಬೇಕು? ಸಂಖ್ಯಾಶಾಸ್ತ್ರದಲ್ಲಿ ಸುಲಭದ ಒಂದು ಸೂತ್ರವಿದೆ: ಒಂದೂ ಮಾರಾಟ ಆಗದಿದ್ದರೆ, ಮೂರನ್ನು ಕ್ಲಿಕ್ ಸಂಖ್ಯೆಯಿಂದ ಭಾಗಿಸಿ. ಮಾರಾಟದ ನಿಜವಾದ ಪ್ರಮಾಣ ಅದಕ್ಕಿಂತ ಹೆಚ್ಚಿರುವ ಸಂಭವ ಬಹಳ ಕಡಿಮೆ. 75 ಕ್ಲಿಕ್ ಆಗಿಯೂ ಸೊನ್ನೆ ಅಂದರೆ, ನಮಗೆ ಬೇಕಾದ ಶೇ. 4 ಅಲ್ಲಿ ಇರಲಾರದು. 531 ರೂಪಾಯಿಗೆ ನಿಲ್ಲಿಸಿ.

ಉಲ್ಟಾ ಪ್ರಸಂಗ ಇನ್ನೂ ಅಪಾಯದ್ದು. ಮೊದಲ 30 ಕ್ಲಿಕ್‌ಗೆ ಎರಡು ಆರ್ಡರ್ ಬಂದವು ಅಂತ ಸಾಲ ಮಾಡಿ ದುಡ್ಡು ಸುರಿಯೋರಿದ್ದಾರೆ. ನಿಜವಾದ ಪ್ರಮಾಣ ಬರೀ ಶೇ. 2 ಇದ್ದರೂ, ಎಂಟರಲ್ಲಿ ಒಂದು ಸಲ ಅದೃಷ್ಟದಿಂದಲೇ ಹಾಗಾಗುತ್ತದೆ. ಕೆಲವು ನೂರು ಕ್ಲಿಕ್ ಆಗುವವರೆಗೂ, ವಾಪಸಾತಿಯ ಅವಧಿ ಮುಗಿಯುವವರೆಗೂ ಖರ್ಚು ಹೆಚ್ಚಿಸಬೇಡಿ. ಜಾಹೀರಾತಿನ ದುಡ್ಡು ಇವತ್ತೇ ಹೋಗುತ್ತದೆ, ಕಮಿಷನ್ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಬರುತ್ತದೆ. ಲಾಭದ ಸರಕೂ ಆ ನಡುವಿನಲ್ಲಿ ಕೈ ಬರಿದು ಮಾಡೀತು.

ಇನ್ನು ನಮ್ಮ ಗಡಿಯ ಮಾತು. ಕನ್ನಡದಲ್ಲಿ ಜಾಹೀರಾತು ಮಾಡೋರು ಸಾಮಾನ್ಯವಾಗಿ ಜಾಗದ ಆಯ್ಕೆಯಲ್ಲಿ ಕರ್ನಾಟಕ ಅಂತ ಒತ್ತಿಬಿಡ್ತಾರೆ. ಕಾಸರಗೋಡು, ಸೊಲ್ಲಾಪುರ, ಆದವಾನಿ ಹೊರಗುಳಿಯುತ್ತವೆ. ಊರಿನ ಸುತ್ತ ಇಷ್ಟು ಕಿಲೋಮೀಟರ್ ಅಂತ ಗುರುತು ಹಾಕಿ ಅವನ್ನು ಸೇರಿಸಿಕೊಳ್ಳಬಹುದು. ಆದರೆ ಭಾಷೆಯ ಆಯ್ಕೆಯನ್ನೊಂದೇ ನಂಬಬೇಡಿ. ಮನೆಯಲ್ಲಿ ಕನ್ನಡ ಆಡಿ ಮರಾಠಿ ಶಾಲೆಯಲ್ಲಿ ಓದಿದವರ ಫೋನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಲಿಪಿಯ ಚಿತ್ರ ಅವರಿಗೆ ಓದಲು ಬರದೆ ಹೋಗಬಹುದು, ಕನ್ನಡ ದನಿಯ ವಿಡಿಯೊ ತಟ್ಟನೆ ತಿಳಿಯುತ್ತದೆ. ಇವೆರಡನ್ನೂ ಬೇರೆ ಬೇರೆ ಪರೀಕ್ಷಿಸಿ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ನನ್ನ ಹತ್ರ ಎರಡು ಸಾವಿರ ಇದೆ, ಆರು ಊರಿಗೆ ಹಂಚಲಾ?" ಬೇಡ. ಊರಿಗೆ 47 ಕ್ಲಿಕ್ ಬಿದ್ದರೆ ಯಾವ ಊರಿನ ಬಗ್ಗೆಯೂ ಏನೂ ತಿಳಿಯೋದಿಲ್ಲ. ಒಂದೇ ಸರಕು, ಒಂದೇ ವಿಡಿಯೊ, ಆರೂ ಊರು ಒಟ್ಟಿಗೆ. 282 ಕ್ಲಿಕ್‌ನಲ್ಲಿ ಒಂದು ಉತ್ತರ ಸಿಗುತ್ತದೆ. ಅಸಲು ಹುಟ್ಟಿದರೆ ಆಮೇಲೆ ಊರು ಬಿಡಿಸಿ ನೋಡೋಣ.

ಕೊನೆಯದಾಗಿ, ಕಮಿಷನ್ ಸಿಗುತ್ತದೆ ಅನ್ನೋದನ್ನು ಜಾಹೀರಾತಿನಲ್ಲೂ ನಿಮ್ಮ ಪುಟದಲ್ಲೂ ಕನ್ನಡದಲ್ಲೇ ಬರೆಯಿರಿ, ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಪ್ರಭಾವಿಗಳಿಗೆ ಮಾಡಿದ ನಿಯಮಗಳೂ ಇಂಥ ಸಂಬಂಧವನ್ನು ಮುಚ್ಚಿಡಬಾರದು ಅನ್ನುತ್ತವೆ. ಸಣ್ಣ ಸಮುದಾಯದಲ್ಲಿ ಒಂದು ಕೆಟ್ಟ ಸರಕು ಮಾರಿದರೆ ಎರಡನೆಯದಕ್ಕೆ ಯಾರೂ ಕಿವಿಗೊಡೋದಿಲ್ಲ, ಮತ್ತು ಆ ನಷ್ಟ ಯಾವ ಕ್ಲಿಕ್ ಲೆಕ್ಕದಲ್ಲೂ ಕಾಣಿಸೋದಿಲ್ಲ.