ರಿಪೋರ್ಟಿನಲ್ಲಿ ಏಳು ಅಂದ್ರೆ ಎಷ್ಟು?

ಐಂಡ್‌ಹೋವನ್‌ನಲ್ಲಿರುವ ನಮ್ಮ ಗೆಳೆಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯ ಶುಗರ್ 7.8. ಡಾಕ್ಟರ ಫೋನ್ ಬರುವ ಮೊದಲೇ, "ಊರಲ್ಲಿ ಅಪ್ಪನಿಗೆ 140 ಇತ್ತು, ನಂದು ಬರೀ ಏಳು ಚಿಲ್ರೆ!" ಅಂತ ಖುಷಿಪಟ್ಟರು. ನಾವು ಲೆಕ್ಕ ಹಾಕಿ ತೋರಿಸಿದೆವು: ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ. ಇವರದೂ ಅದೇ 140!

ಖಾಲಿ ಹೊಟ್ಟೆಯಲ್ಲಿ 7.0, ಅಂದರೆ ಊರಿನ 126, ಅಥವಾ ಅದಕ್ಕಿಂತ ಹೆಚ್ಚಿದ್ದು, ಇನ್ನೊಂದು ದಿನವೂ ಹಾಗೇ ಬಂದರೆ ಅದು ಸಕ್ಕರೆ ಕಾಯಿಲೆ. ಎರಡು-ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಪತ್ತೆಗೂ ಒಪ್ಪಿತು. ಅದಕ್ಕೆ ಉಪವಾಸ ಬೇಕಿಲ್ಲ. ಊರಿನ ಶೇಕಡಾ 6.5 ಇಲ್ಲಿ 48.

"ನಾವು ತೆಳ್ಳಗಿದ್ದೀವಲ್ಲ" ಅನ್ನಬೇಡಿ. 1873ರಿಂದ ಸುರಿನಾಮಿಗೆ ಕೂಲಿಗೆ ಹೋದ ಭಾರತೀಯರ ವಂಶದವರು ಇಂದು ಹೇಗ್‌ನಲ್ಲಿ ಬಹಳ ಮಂದಿ ಇದ್ದಾರೆ. ಈ ಸಮುದಾಯದಲ್ಲಿ ಡಚ್ಚರಿಗಿಂತ ಈ ಕಾಯಿಲೆ ಬಹಳ ಹೆಚ್ಚು ಎಂದು ಆಮ್‌ಸ್ಟರ್‌ಡ್ಯಾಮಿನ ಹೀಲಿಯಸ್ ಅಧ್ಯಯನ ತೋರಿಸಿದೆ. ನಮ್ಮಂಥವರಿಗೆ ಇದು ಕಡಿಮೆ ತೂಕದಲ್ಲೂ, ಚಿಕ್ಕ ವಯಸ್ಸಿನಲ್ಲೂ ಬರುತ್ತೆ.

ಹೌಸ್‌ಆರ್ಟ್ಸ್ ಭೇಟಿಗೆ ಐಗನ್ ರಿಸಿಕೊ ಕಡಿತವಿಲ್ಲ. ಲ್ಯಾಬಿನ ರಕ್ತ ಪರೀಕ್ಷೆಗೆ ಉಂಟು. ಆ ದುಡ್ಡಿಗೆ ಹೆದರಿ ಮುಂದೂಡಿದರೆ ಕಣ್ಣು, ಕಿಡ್ನಿ, ಕಾಲು ಬೆಲೆ ತೆರಬೇಕಾದೀತು. ಹೋದಾಗ ಸಂಕೋಚ ಬೇಡ, "ನಮ್ಮ ಮನೆಯಲ್ಲಿ ಶುಗರ್ ಇದೆ, ನನಗೂ ನೋಡಿ" ಅಂತ ನೇರ ಕೇಳಿ. ಕೇಳದಿದ್ರೆ ಇಲ್ಲಿ ಯಾರೂ ತಾವಾಗಿ ಪರೀಕ್ಷೆ ಬರೆಯುವುದು ಕಡಿಮೆ.

ನಮ್ಮ ಗೆಳೆಯರು ಈಗ ಮಾತ್ರೆ ತಗೊಳ್ತಿದ್ದಾರೆ, ಅನ್ನ ಅರ್ಧ ಮಾಡಿದ್ದಾರೆ, ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗ್ತಾರೆ. ನಿಮ್ಮ ಅಂಕಿ ಎಷ್ಟು? ಈ ತಿಂಗಳೇ ನೋಡಿಸಿಕೊಳ್ಳಿ.